ಮೋಸದ ವೆಬ್‌ಸೈಟ್ ಹಿಡಿಯೋ ಎಕ್ಸ್‌ಟೆನ್ಷನ್ ಬೇಕಾ? ಹಾಕೋ ಮೊದಲು ಇಷ್ಟು ನೋಡಿ

ಅಂಗಡಿ ಗಲ್ಲಾ ಪಕ್ಕದ ಕಂಪ್ಯೂಟರ್‌ನಲ್ಲಿ ಈಗ ನಡೆಯದ ಕೆಲಸ ಇಲ್ಲ. ಜಿಎಸ್‌ಟಿ ರಿಟರ್ನ್, ನೆಟ್‌ಬ್ಯಾಂಕಿಂಗ್, ಕಂಪನಿಗೆ ಆರ್ಡರ್, ಮಗಳ ಪರೀಕ್ಷೆ ಫೀಸು. ಇವುಗಳ ಮಧ್ಯೆ ‘ಕರೆಂಟ್ ಬಿಲ್ ಬಾಕಿ ಇದೆ’, ‘ಕೆವೈಸಿ ಅಪ್‌ಡೇಟ್ ಮಾಡಿ’ ಅಂತ ಬರುವ ಲಿಂಕುಗಳು ಬೇರೆ. ಇಂಥ ನಕಲಿ ಪುಟ ತೆರೆದ ಕೂಡಲೇ ಕೆಂಪು ಎಚ್ಚರಿಕೆ ಕೊಡ್ತೀವಿ ಅನ್ನುವ ಬ್ರೌಸರ್ ಎಕ್ಸ್‌ಟೆನ್ಷನ್‌ಗಳು ಹತ್ತಾರು ಸಿಗುತ್ತವೆ. ಹೆಚ್ಚಿನವು ಪುಕ್ಕಟೆ. ಹಾಕಿಕೊಂಡರೆ ನಷ್ಟ ಏನು ಅಂತ ಅನಿಸುವುದು ಸಹಜ.

ನಷ್ಟ ಇರಬಹುದು. ಎಕ್ಸ್‌ಟೆನ್ಷನ್ ಅಂದರೆ ಕ್ರೋಮ್ ಅಥವಾ ಫೈರ್‌ಫಾಕ್ಸ್ ಒಳಗೆ ಸೇರಿಕೊಳ್ಳುವ ಚಿಕ್ಕ ಪ್ರೋಗ್ರಾಂ. ತೆರೆದ ಪುಟ ಅಸಲಿಯೋ ನಕಲಿಯೋ ಅಂತ ಅದು ಹೇಳಬೇಕಾದರೆ, ನೀವು ಯಾವ ಪುಟದಲ್ಲಿದ್ದೀರಿ ಅಂತ ಅದಕ್ಕೆ ಗೊತ್ತಾಗಲೇಬೇಕು. ಮೋಸದ ಪುಟ ಮಾತ್ರ ಅಲ್ಲ, ಬ್ಯಾಂಕ್ ಪುಟ, ಆಸ್ಪತ್ರೆ ಪುಟ, ಸಾಲಕ್ಕೆ ಹುಡುಕಿದ ಪುಟ ಎಲ್ಲವೂ. ಬಾಗಿಲಿಗೆ ಕಾವಲು ಇಟ್ಟವನೇ ಮನೆಗೆ ಯಾರು ಬಂದ್ರು, ಯಾರು ಹೋದ್ರು ಅಂತ ಬರೆದಿಟ್ಟು ಮಾರಿದರೆ ಹೇಗೆ?

ಇದು ಬರೀ ಅನುಮಾನ ಅಲ್ಲ. ‘ವೆಬ್ ಆಫ್ ಟ್ರಸ್ಟ್’ ಎಂಬ ಹೆಸರಾಂತ ಎಕ್ಸ್‌ಟೆನ್ಷನ್ ಇತ್ತು. ಯಾವ ಸೈಟು ನಂಬಿಕಸ್ಥ ಅಂತ ಬಣ್ಣದಲ್ಲಿ ತೋರಿಸುವುದೇ ಅದರ ಕೆಲಸ. ಅದನ್ನು ಹಾಕಿಕೊಂಡವರ ಬ್ರೌಸಿಂಗ್ ವಿವರ ಬೇರೆಯವರ ಕೈ ಸೇರುತ್ತಿದೆ ಅಂತ 2016ರಲ್ಲಿ ಜರ್ಮನಿಯ ಎನ್‌ಡಿಆರ್ ವಾಹಿನಿ ಬಯಲು ಮಾಡಿತು. ಆಂಟಿವೈರಸ್ ಕಂಪನಿ ಅವಾಸ್ಟ್‌ನದ್ದೂ ಇದೇ ಕಥೆ. ಎಕ್ಸ್‌ಟೆನ್ಷನ್ ಮತ್ತು ಆಂಟಿವೈರಸ್ ಮೂಲಕ ಸಿಕ್ಕ ಮಾಹಿತಿಯನ್ನು ಅದು ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆ ಮೂಲಕ ಮಾರುತ್ತಿತ್ತು. ಸುದ್ದಿ ಹೊರಬಂದ ಮೇಲೆ 2020ರಲ್ಲಿ ಆ ಸಂಸ್ಥೆಗೆ ಬೀಗ ಬಿತ್ತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅವಾಸ್ಟ್ 1.65 ಕೋಟಿ ಡಾಲರ್ ಕಟ್ಟಬೇಕು ಅಂತ ಹೇಳಿತು. ಜನ ಇದನ್ನು ಹಾಕಿಕೊಂಡಿದ್ದು ರಕ್ಷಣೆಗೆ ಅಂತ, ನೆನಪಿರಲಿ.

ಹಾಗಾದರೆ ಎಲ್ಲವೂ ಹೀಗೇನಾ? ಅಲ್ಲ. ತಪಾಸಣೆ ಹೇಗೆ ಮಾಡುತ್ತೆ ಅನ್ನುವುದರ ಮೇಲೆ ಹೋಗುತ್ತೆ. ಕೆಲವು ಎಕ್ಸ್‌ಟೆನ್ಷನ್‌ಗಳು ನಕಲಿ ಸೈಟುಗಳ ಪಟ್ಟಿಯನ್ನೇ ನಿಮ್ಮ ಕಂಪ್ಯೂಟರ್‌ಗೆ ತಂದಿಟ್ಟುಕೊಂಡು ಅಲ್ಲೇ ತಾಳೆ ನೋಡುತ್ತವೆ. ನೀವು ಎಲ್ಲಿಗೆ ಹೋದ್ರಿ ಅಂತ ಹೊರಗೆ ಹೇಳುವ ಅಗತ್ಯವೇ ಬರಲ್ಲ. ಇನ್ನು ಕೆಲವು ಪ್ರತಿ ಪುಟದ ಪೂರ್ತಿ ವಿಳಾಸವನ್ನು ಕಂಪನಿಯ ಸರ್ವರ್‌ಗೆ ಕಳಿಸಿ ಕೇಳುತ್ತವೆ. ಹೊಸ ಮೋಸ ಬೇಗ ಸಿಕ್ಕಿಬೀಳಬಹುದು, ಆದರೆ ನಿಮ್ಮ ಓಡಾಟದ ಲೆಕ್ಕ ಪೂರ್ತಿ ಅವರ ಹತ್ತಿರ. ಎರಡರ ನಡುವೆ ಇನ್ನೊಂದು ದಾರಿ ಇದೆ: ವಿಳಾಸವನ್ನು ಗುರುತು ಸಿಗದ ಸಂಕೇತವಾಗಿ ಮಾಡಿ, ಅದರ ಒಂದು ತುಂಡನ್ನು ಮಾತ್ರ ಕಳಿಸುವುದು.

ಕ್ರೋಮ್‌ನಲ್ಲೇ ಇರುವ ‘ಸೇಫ್ ಬ್ರೌಸಿಂಗ್’ ಈ ಮೂರನೇ ದಾರಿಯದ್ದು. ಅದಕ್ಕೆ ಯಾವ ಎಕ್ಸ್‌ಟೆನ್ಷನ್ನೂ ಬೇಡ. ಮೂಲೆಯ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಸೆಕ್ಯುರಿಟಿ ಅಂತ ಹೋದರೆ ಕಾಣುತ್ತೆ. ‘ಸ್ಟ್ಯಾಂಡರ್ಡ್’ ಮೊದಲೇ ಆನ್ ಇರುತ್ತೆ, ಯಾರಾದರೂ ಆಫ್ ಮಾಡಿದ್ದಾರಾ ಅಂತ ಒಮ್ಮೆ ನೋಡಿ. ‘ಎನ್‌ಹ್ಯಾನ್ಸ್ಡ್’ ಆರಿಸಿದರೆ ಕಾವಲು ಬಿಗಿ, ಆದರೆ ಗೂಗಲ್‌ಗೆ ಹೋಗುವ ಮಾಹಿತಿಯೂ ಜಾಸ್ತಿ. ಫೈರ್‌ಫಾಕ್ಸ್‌ನಲ್ಲೂ ಇಂಥದ್ದೇ ರಕ್ಷಣೆ ಮೊದಲಿನಿಂದಲೇ ಇದೆ. ಬಹಳಷ್ಟು ಜನಕ್ಕೆ ಇಷ್ಟೇ ಸಾಕು.

ಇದರ ಮೇಲೆ ಇನ್ನೊಂದು ಬೇಕೇ ಬೇಕು ಅಂದ್ರೆ, ಫೈರ್‌ಫಾಕ್ಸ್ ಬಳಸುವವರಿಗೆ ‘ಯುಬ್ಲಾಕ್ ಒರಿಜಿನ್’ ಒಳ್ಳೆಯ ಆಯ್ಕೆ. ಜಾಹೀರಾತು ತಡೆಯುವುದಕ್ಕೆ ಇದು ಹೆಸರುವಾಸಿ, ಆದರೆ ಅಪಾಯಕಾರಿ ಸೈಟುಗಳ ಪಟ್ಟಿಯೂ ಇದರೊಳಗಿದೆ. ತಾಳೆ ನೋಡುವುದು ನಿಮ್ಮ ಕಂಪ್ಯೂಟರ್‌ನಲ್ಲೇ. ಕೋಡ್ ಯಾರು ಬೇಕಾದರೂ ತೆರೆದು ನೋಡಬಹುದು. ಮೋಸದ ಜಾಹೀರಾತು, ‘ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಈ ನಂಬರ್‌ಗೆ ಕರೆ ಮಾಡಿ’ ಅನ್ನುವ ಪುಟ, ಇಂಥವು ಬರುವುದೇ ಹೆಚ್ಚಾಗಿ ಜಾಹೀರಾತಿನ ದಾರಿಯಲ್ಲಿ. ಹಾಗಾಗಿ ಜಾಹೀರಾತು ತಡೆದರೇ ಅರ್ಧ ಕೆಲಸ ಮುಗಿದ ಹಾಗೆ. ಕ್ರೋಮ್‌ನ ಹೊಸ ನಿಯಮದಿಂದ ಅಲ್ಲಿ ಹಳೆಯ ಯುಬ್ಲಾಕ್ ಒರಿಜಿನ್ ನಿಂತುಹೋಗಿದೆ. ಅದೇ ತಯಾರಕರ ‘ಯುಬ್ಲಾಕ್ ಒರಿಜಿನ್ ಲೈಟ್’ ಸಿಗುತ್ತೆ. ಹೆಸರು ಪೂರ್ತಿ ಓದಿ, ತಯಾರಕರು ರೇಮಂಡ್ ಹಿಲ್ ಅಂತ ಇದೆಯಾ ನೋಡಿ. ಇದೇ ಥರದ ಹೆಸರಿಟ್ಟುಕೊಂಡ ಬೇರೆಯವೂ ಇವೆ.

ಬೇರೆ ಯಾವುದನ್ನಾದರೂ ಹಾಕುವುದಿದ್ದರೆ, ‘ಆಡ್’ ಒತ್ತುವ ಮೊದಲು ಸ್ಟೋರ್ ಪುಟದ ಕೆಳಗಿನ ಪ್ರೈವಸಿ ಭಾಗ ಓದಿ. ‘ವೆಬ್ ಹಿಸ್ಟರಿ’ ಸಂಗ್ರಹಿಸ್ತೀವಿ ಅಂತ ಅಲ್ಲೇ ಬರೆದಿರುತ್ತಾರೆ, ಓದುವವರು ಕಡಿಮೆ ಅಷ್ಟೇ. ಕಂಪನಿಗೆ ದುಡ್ಡು ಎಲ್ಲಿಂದ ಬರುತ್ತೆ ಅಂತಲೂ ಕೇಳಿಕೊಳ್ಳಿ. ಪೇಯ್ಡ್ ಆಂಟಿವೈರಸ್ ಮಾರುವವರು ಪುಕ್ಕಟೆ ಎಕ್ಸ್‌ಟೆನ್ಷನ್ ಕೊಟ್ಟರೆ ಲೆಕ್ಕ ಅರ್ಥವಾಗುತ್ತೆ. ಏನೂ ಮಾರದವರು, ಹೆಸರು ವಿಳಾಸ ಇಲ್ಲದವರು ಕೊಟ್ಟರೆ ಅನುಮಾನ ಪಡಿ. ‘ಎಲ್ಲ ವೆಬ್‌ಸೈಟ್‌ಗಳಲ್ಲಿ ನಿಮ್ಮ ಡೇಟಾ ಓದಲು ಮತ್ತು ಬದಲಿಸಲು’ ಅನುಮತಿ ಕೇಳುವುದು ಇಂಥ ಎಕ್ಸ್‌ಟೆನ್ಷನ್‌ಗೆ ಸಾಮಾನ್ಯ. ಆದರೆ ಆ ಅನುಮತಿ ಅಂದರೆ ನೀವು ಟೈಪ್ ಮಾಡುವ ಪಾಸ್‌ವರ್ಡ್ ಕೂಡ ಅದಕ್ಕೆ ಕಾಣಬಹುದು ಅಂತ ಅರ್ಥ.

ಒಳ್ಳೆಯದು ಅಂತ ಹಾಕಿದ್ದು ನಾಳೆ ಕೆಟ್ಟದ್ದೂ ಆಗಬಹುದು. ಎಕ್ಸ್‌ಟೆನ್ಷನ್‌ಗಳು ನಿಮ್ಮನ್ನು ಕೇಳದೇ ಅಪ್‌ಡೇಟ್ ಆಗುತ್ತವೆ. 2024ರ ಡಿಸೆಂಬರ್‌ನಲ್ಲಿ ಸೈಬರ್‌ಹೇವನ್ ಎಂಬ ಭದ್ರತಾ ಕಂಪನಿಯ ಸಿಬ್ಬಂದಿಯೊಬ್ಬರೇ ನಕಲಿ ಇಮೇಲ್‌ಗೆ ಮೋಸ ಹೋದರು. ಕಳ್ಳರು ಆ ಕಂಪನಿಯ ಎಕ್ಸ್‌ಟೆನ್ಷನ್‌ಗೆ ತಮ್ಮ ಕೋಡ್ ಸೇರಿಸಿ ಅಪ್‌ಡೇಟ್ ಬಿಟ್ಟರು. ಭದ್ರತೆ ಮಾರುವವರಿಗೇ ಹೀಗಾದರೆ!

ಅದಕ್ಕೇ ಅಂಗಡಿಯವರಿಗೆ ಒಂದು ಸುಲಭ ಉಪಾಯ: ಕ್ರೋಮ್‌ನಲ್ಲಿ ಬ್ಯಾಂಕ್ ಮತ್ತು ಜಿಎಸ್‌ಟಿಗೆ ಅಂತಲೇ ಬೇರೆ ಪ್ರೊಫೈಲ್ ಮಾಡಿಟ್ಟುಕೊಳ್ಳಿ. ಅದರಲ್ಲಿ ಒಂದೂ ಎಕ್ಸ್‌ಟೆನ್ಷನ್ ಬೇಡ. ಹುಡುಗರು ಸಿನಿಮಾ ನೋಡಲು, ಲಿಂಕ್ ಒತ್ತಲು ಬೇರೆ ಪ್ರೊಫೈಲ್ ಇರಲಿ. ಬ್ಯಾಂಕ್ ವಿಳಾಸ ‘ಡಾಟ್ ಬ್ಯಾಂಕ್ ಡಾಟ್ ಇನ್’ ಅಂತ ಮುಗಿಯುತ್ತಾ ನೋಡಿ. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ಈ ವಿಳಾಸಕ್ಕೆ ಬದಲಾಗಬೇಕು ಅಂತ ರಿಸರ್ವ್ ಬ್ಯಾಂಕ್ ಆದೇಶ ಕೊಟ್ಟಿತ್ತು. ಯಾವ ಎಕ್ಸ್‌ಟೆನ್ಷನ್ನೂ ಇಲ್ಲದೆ ಕಣ್ಣಲ್ಲೇ ಹಿಡಿಯಬಹುದಾದ ಗುರುತು ಇದು.

ಮೊಬೈಲ್ ವಿಷಯ ಬೇರೆ. ಆಂಡ್ರಾಯ್ಡ್ ಫೋನಿನ ಕ್ರೋಮ್‌ಗೆ ಎಕ್ಸ್‌ಟೆನ್ಷನ್ ಹಾಕಲು ಬರುವುದಿಲ್ಲ, ಫೈರ್‌ಫಾಕ್ಸ್‌ಗೆ ಬರುತ್ತೆ. ಆದರೂ ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕಾರ್ಡ್, ಟ್ರಾಫಿಕ್ ಚಲನ್ ಅಂತ ಬರುವ ಎಪಿಕೆ ಫೈಲನ್ನು ಇದ್ಯಾವುದೂ ತಡೆಯಲ್ಲ. ಪೊಲೀಸ್ ಅಂತ ವಿಡಿಯೋ ಕಾಲ್ ಮಾಡಿ ಹೆದರಿಸುವವನನ್ನೂ ತಡೆಯಲ್ಲ. ‘ಹಣ ಬರುತ್ತೆ, ಪಿನ್ ಹಾಕಿ’ ಅನ್ನುವವನನ್ನೂ ಅಷ್ಟೇ. ಯುಪಿಐ ಪಿನ್ ಬೇಕಾಗುವುದು ಹಣ ಹೋಗುವಾಗ, ಬರುವಾಗ ಅಲ್ಲ.

ದುಡ್ಡು ಹೋಗಿಯೇಬಿಟ್ಟಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಹೇಳಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಜಾರುತ್ತೆ, ತಡೆಹಿಡಿಯುವುದು ಕಷ್ಟ. ವಹಿವಾಟಿನ ನಂಬರ್, ಮೆಸೇಜ್‌ನ ಸ್ಕ್ರೀನ್‌ಶಾಟ್ ಕೈಯಲ್ಲಿಟ್ಟುಕೊಳ್ಳಿ, ಡಿಲೀಟ್ ಮಾಡಬೇಡಿ.