ಒಂದೇ ಗುರಿಯ ಔಷಧಿ
ಡೇ ಕೇರ್ ವಾರ್ಡಿನಲ್ಲಿ ರಿಟುಕ್ಸಿಮ್ಯಾಬ್ ಡ್ರಿಪ್ ಹಾಕುವಾಗ ನಾನು ಅವಸರ ಮಾಡುವುದಿಲ್ಲ. ಮೊದಲು ಪ್ಯಾರಾಸಿಟಮಾಲ್, ಅಲರ್ಜಿಗೊಂದು ಇಂಜೆಕ್ಷನ್; ಆಮೇಲೆ ತೊಟ್ಟು ತೊಟ್ಟಾಗಿ ಔಷಧಿ. ಮೊದಲ ಸಲ ಕೆಲವರು ಚಳಿಗೆ ಗಡಗಡ ನಡುಗುತ್ತಾರೆ. ಡ್ರಿಪ್ ನಿಲ್ಲಿಸಿ, ಕಂಬಳಿ ಹೊದಿಸಿ, ಬಿ.ಪಿ. ನೋಡಿ ಡಾಕ್ಟರನ್ನು ಕರೆಯುತ್ತೇನೆ.

ರಿಟುಕ್ಸಿಮ್ಯಾಬ್ ಒಂದು ಪ್ರತಿಕಾಯ. ಅದು ಬಿ ಜೀವಕೋಶಗಳೆಂಬ ಬಿಳಿ ರಕ್ತಕಣಗಳ ಮೈಮೇಲಿನ ಸಿಡಿ20 ಪ್ರೋಟೀನಿಗೆ ಅಂಟಿಕೊಂಡು, ದೇಹದ ರಕ್ಷಣಾ ಪಡೆಗೆ ಅವನ್ನು ತೋರಿಸಿಕೊಡುತ್ತದೆ. ರೋಗ ತರುವ ಬಿ ಕೋಶಗಳ ಜೊತೆ ಒಳ್ಳೆಯವೂ ಸಾಯುತ್ತವೆ, ನಿಜ. ಆದರೆ ಅವನ್ನು ಹುಟ್ಟಿಸುವ ಮೂಲಕೋಶಗಳಲ್ಲಿ ಸಿಡಿ20 ಇಲ್ಲದ್ದರಿಂದ ಬಿ ಕೋಶಗಳು ಮತ್ತೆ ಬೆಳೆಯುತ್ತವೆ.

ಒಂದೇ ಬಗೆಯ ಪ್ರತಿಕಾಯ ತಯಾರಿಸುವ ದಾರಿಯನ್ನು 1975ರಲ್ಲಿ ಕೇಂಬ್ರಿಡ್ಜ್‌ನ ವಿಜ್ಞಾನಿಗಳಾದ ಕೋಹ್ಲರ್, ಮಿಲ್‌ಸ್ಟೈನ್ ತೋರಿಸಿದರು. ಆರಂಭದ ಪ್ರಯೋಗಗಳಲ್ಲಿ ಇಲಿಯ ಪ್ರತಿಕಾಯವನ್ನು ರೋಗಿಯ ದೇಹವೇ ಪರಕೀಯವೆಂದು ಹೊಡೆದು ಹಾಕುತ್ತಿತ್ತು. ಆ ತೊಡಕು ತಗ್ಗಿಸಿ ರೂಪಿಸಿದ ರಿಟುಕ್ಸಿಮ್ಯಾಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1997ರಲ್ಲಿ.

ನಿಮ್ಮವರಿಗೆ ಈ ಔಷಧಿಯನ್ನು ಬರೆದುಕೊಟ್ಟರೆ, ಹೆಪಟೈಟಿಸ್ ಬಿ ರಕ್ತಪರೀಕ್ಷೆ ಆಗಿದೆಯೇ ಎಂದು ತಪ್ಪದೆ ಕೇಳಿ. ಅಡಗಿದ್ದ ವೈರಸ್ ಮತ್ತೆ ತಲೆಯೆತ್ತಬಹುದು.