ನಗಿಸುವವನು ಬರೆದ ನೋವಿನ ಪುಸ್ತಕ

ಪುಸ್ತಕವೊಂದು ಹೊರಬಂದಾಗ ಅದನ್ನು ಮೊದಲು ಕೊಳ್ಳುವವರು ಅದರ ಕರ್ತೃವನ್ನು ಮೆಚ್ಚಿದವರು. ಅದನ್ನು ಕುರಿತು ಹೆಚ್ಚಾಗಿ ಗೊಣಗುವವರೂ ಅವರೇ. 2021ನೆಯ ಇಸವಿಯ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಒಂದು ಗ್ರಂಥ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಹೆಸರು ‘ಯು ವಿಲ್ ಗೆಟ್ ಥ್ರೂ ದಿಸ್ ನೈಟ್’. ‘ಈ ರಾತ್ರಿಯನ್ನು ನೀನು ದಾಟುವೆ’ ಎಂದು ಅದನ್ನು ಕನ್ನಡಿಸಬಹುದು. ಬರೆದವನು ಡೇನಿಯಲ್ ಹವೆಲ್ ಎಂಬ ತರುಣ.

1991ರಲ್ಲಿ ಜನಿಸಿದ ಈತನು 2009ರಲ್ಲಿ, ಇನ್ನೂ ಹದಿನೆಂಟರ ಹುಡುಗನಾಗಿದ್ದಾಗ, ಯೂಟ್ಯೂಬಿನಲ್ಲಿ ಚಿಕ್ಕಪುಟ್ಟ ಹಾಸ್ಯದ ವಿಡಿಯೊಗಳನ್ನು ಹಾಕತೊಡಗಿದನು. ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ನ್ಯಾಯಶಾಸ್ತ್ರದ ವ್ಯಾಸಂಗಕ್ಕೆ ಸೇರಿ ಅದನ್ನು ನಡುವೆಯೇ ಬಿಟ್ಟನು. ತನ್ನ ಸಂಕೋಚವನ್ನೂ ಪೇಚಾಟಗಳನ್ನೂ ತಾನೇ ಹಾಸ್ಯಮಾಡಿಕೊಳ್ಳುವುದು ಅವನ ಬಗೆ. ಗೆಳೆಯ ಫಿಲ್ ಲೆಸ್ಟರನೊಡನೆ 2013ರಲ್ಲಿ ಬಿ.ಬಿ.ಸಿ.ಯ ‘ರೇಡಿಯೊ 1’ರಲ್ಲಿಯೂ ಕಾರ್ಯಕ್ರಮ ನಡೆಸಿದನು. ಲಕ್ಷೋಪಲಕ್ಷ ಬಾಲಕ ಬಾಲಕಿಯರು ಅವನ ಮುಖವನ್ನು ನೋಡುತ್ತಲೇ ಪ್ರೌಢವಯಸ್ಸಿಗೆ ಬಂದರು. ಹೀಗಿರಲಾಗಿ, 2017ರ ಅಕ್ಟೋಬರಿನಲ್ಲಿ ತಾನು ಖಿನ್ನತೆಯಿಂದ ಬಳಲುತ್ತಿರುವುದಾಗಿಯೂ ಚಿಕಿತ್ಸೆ ಪಡೆಯುತ್ತಿರುವುದಾಗಿಯೂ ಒಂದು ವಿಡಿಯೊದಲ್ಲಿ ಹೇಳಿದನು. 2019ರ ಜೂನಿನಲ್ಲಿ ತಾನು ಸಲಿಂಗಾನುರಾಗಿ ಎಂಬುದನ್ನು ಬಹಿರಂಗಪಡಿಸಿ, ಅದನ್ನು ಅಡಗಿಸಿಟ್ಟು ಬಾಳಿದುದರ ಕಷ್ಟವನ್ನು ವಿವರಿಸಿದನು. ಪುಸ್ತಕ ಬಂದುದು ಆಮೇಲೆ.

ಗ್ರಂಥದಲ್ಲಿ ಮೂರು ಭಾಗಗಳಿವೆ. ಈ ಕ್ಷಣದ ತಳಮಳವನ್ನು ಕಳೆಯುವುದು ಹೇಗೆ ಎಂಬುದು ಮೊದಲನೆಯದು. ನಾಳೆಯಿಂದ ಏನು ಮಾಡಬೇಕೆಂಬುದು ಎರಡನೆಯದು. ಮುಂದಿನ ದಿನಗಳಲ್ಲಿ ತನ್ನನ್ನು ತಾನು ಅರಿತು ನಡೆಯುವುದು ಮೂರನೆಯದು. ಹೀದರ್ ಬೋಲ್ಟನ್ ಎಂಬ ಮನಶ್ಶಾಸ್ತ್ರಜ್ಞೆಯ ಸಲಹೆ ಪಡೆದು ಬರೆದುದು ಇದು. ಎಂದರೆ ಇದು ಆತ್ಮಕಥೆಯಲ್ಲ. ನಡುನಡುವೆ ಸ್ವಂತ ಅನುಭವಗಳನ್ನು ಹೆಣೆದ ಒಂದು ಕೈಪಿಡಿ.

ಅಭಿಮಾನಿಗಳ ಮನಸ್ಸು ಇಬ್ಭಾಗವಾದುದು ಇಲ್ಲಿಯೇ. ತಾವು ಮೆಚ್ಚಿದವನು ಈ ಬಗೆಯ ಪುಸ್ತಕ ಬರೆದನಲ್ಲಾ ಎಂಬ ಹೆಮ್ಮೆ ಒಂದು ಕಡೆ. ಅವನ ಬದುಕಿನ ಕಥೆಯನ್ನು ಓದಬೇಕೆಂದು ಕಾದವರಿಗೆ ಉಸಿರಾಟದ ಅಭ್ಯಾಸ, ನಿದ್ರೆಯ ನಿಯಮಗಳು ದೊರೆತವಲ್ಲಾ ಎಂಬ ನಿರಾಸೆ ಮತ್ತೊಂದು ಕಡೆ. ಇದನ್ನು ಹೇಳಲು ಇವನು ವೈದ್ಯನೇ ಎಂಬ ಸಂಶಯ, ನೋವನ್ನೂ ಮಾರಾಟಕ್ಕಿಡಬೇಕೆ ಎಂಬ ಇರುಸುಮುರುಸು, ಇವುಗಳ ಜೊತೆಗೆ ‘ಇಷ್ಟು ವರ್ಷ ನಾವು ನಗುತ್ತಿದ್ದಾಗ ಅವನು ಒಳಗೇ ಬೇಯುತ್ತಿದ್ದನೇ?’ ಎಂಬ ಮುಜುಗರ. ಒಬ್ಬ ಓದುಗನಲ್ಲಿಯೇ ಇವೆಲ್ಲ ಒಟ್ಟಿಗೆ ಇರುವುದು ಸಾಧ್ಯ. ಪರಿಚಯವೇ ಇಲ್ಲದವನ ಪುಸ್ತಕದ ವಿಷಯದಲ್ಲಿ ಮನಸ್ಸು ಇಷ್ಟೊಂದು ಏಕೆ ಕಲಕಬೇಕು?

ಇದಕ್ಕೆ ಉತ್ತರದ ಒಂದು ಅಂಶ 1956ರಷ್ಟು ಹಿಂದೆಯೇ ದೊರೆತಿತ್ತು. ಅಮೆರಿಕದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ವಿದ್ವಾಂಸರು ಆಗ ಬೆಳೆಯುತ್ತಿದ್ದ ಟೆಲಿವಿಷನ್ ಹಾಗೂ ರೇಡಿಯೊ ಕಾರ್ಯಕ್ರಮಗಳನ್ನು ಪರಿಶೀಲಿಸಿ ಒಂದು ಲೇಖನ ಬರೆದರು. ಪರದೆಯ ಮೇಲಿನ ವ್ಯಕ್ತಿ ನೋಡುಗನ ಕಣ್ಣಿಗೆ ಕಣ್ಣಿಟ್ಟು, ಎದುರು ಕುಳಿತವನೊಡನೆ ಹರಟುವಂತೆ ಮಾತನಾಡುತ್ತಾನೆ. ದಿನವೂ ಇದು ನಡೆದಾಗ ನೋಡುಗನಲ್ಲಿ ನಿಜವಾದ ಸ್ನೇಹದಂಥ ಭಾವನೆಯೇ ಹುಟ್ಟುತ್ತದೆ ಎಂದು ಅವರು ತೋರಿಸಿದರು. ಇದನ್ನು ಅವರು ‘ಪ್ಯಾರಾಸೋಷಿಯಲ್’ ಸಂಬಂಧವೆಂದು ಕರೆದರು. ನಾವು ಏಕಮುಖ ಸಖ್ಯವೆನ್ನೋಣ. ಭೌತಶಾಸ್ತ್ರ ಓದಿದವರಿಗೆ ಇದು ಹೊಸ ಸಂಗತಿಯೇನೂ ಅಲ್ಲ: ನಕ್ಷತ್ರದ ಬೆಳಕು ನಮ್ಮ ಕಣ್ಣನ್ನು ಮುಟ್ಟುತ್ತದೆ, ನಮ್ಮ ಕೈದೀಪದ ಬೆಳಕು ಅಲ್ಲಿಗೆ ಕಾಣುವಷ್ಟು ತಲಪುವುದಿಲ್ಲ. ಹಾಗೆಂದು ನಕ್ಷತ್ರವನ್ನು ಕಂಡ ನಮ್ಮ ಸಂತೋಷ ಸುಳ್ಳಾಗುವುದೇ? ಅಭಿಮಾನಿಯ ಅಕ್ಕರೆಯೂ ಸುಳ್ಳಲ್ಲ. ಆದರೆ ಗೆಳೆಯನು ಗೆಳೆಯನಿಗೆ ಗುಟ್ಟು ಹೇಳುವಂತೆ ಬರೆದಿರುವನೆಂದು ನಿರೀಕ್ಷಿಸಿದವನಿಗೆ ಎಲ್ಲರಿಗೂ ಒಂದೇ ಪಾಠ ಹೇಳುವ ಉಪಾಧ್ಯಾಯನು ಎದುರಾದರೆ ಮನಸ್ಸು ಮುದುಡುವುದು ಸಹಜ.

ಇನ್ನು ಕೈಪಿಡಿಯ ಮಾತು. ಓದಿನಿಂದ ಮನಸ್ಸಿನ ಬೇನೆ ತಗ್ಗುವುದೇ? ಖಿನ್ನತೆಯಲ್ಲಿ ನಡೆಯುವುದನ್ನು ತಿಳಿಯಲು ಸಭೆಯ ಧ್ವನಿವರ್ಧಕವನ್ನು ನೆನೆಯೋಣ. ಮೈಕನ್ನು ಅದರ ಮುಂದೆಯೇ ಇರಿಸಿದರೆ, ಮೈಕನ್ನು ಹೊಕ್ಕ ಸಣ್ಣ ಸದ್ದು ದೊಡ್ಡದಾಗಿ ಹೊರಬಂದು ಮತ್ತೆ ಮೈಕನ್ನೇ ಸೇರುತ್ತದೆ. ಪ್ರತಿ ಸುತ್ತಿನಲ್ಲಿಯೂ ಹಿಗ್ಗಿ ಕೊನೆಗೆ ಕಿವಿ ಕೊರೆಯುವ ಕೂಗಾಗುತ್ತದೆ. ‘ನಾನು ಯಾವುದಕ್ಕೂ ಬಾರದವನು’ ಎಂಬ ಒಂದು ಯೋಚನೆಯೂ ಹೀಗೆಯೇ. ಅದು ಮನಸ್ಸನ್ನು ಕುಗ್ಗಿಸುತ್ತದೆ; ಕುಗ್ಗಿದ ಮನಸ್ಸು ಅಂಥದೇ ಯೋಚನೆಗಳನ್ನು ಹೆಕ್ಕಿ ತರುತ್ತದೆ; ಮಲಗಿಯೇ ದಿನ ಕಳೆಯುತ್ತದೆ; ಕಳೆದ ದಿನವೇ ಆ ಮೊದಲ ಯೋಚನೆಗೆ ಸಾಕ್ಷಿಯಾಗುತ್ತದೆ. ಈ ಸುತ್ತನ್ನು ಎಲ್ಲಿಯಾದರೂ ಒಂದೆಡೆ ಕಡಿಯಬೇಕೆಂಬುದೇ 1960ರ ದಶಕದಲ್ಲಿ ಅಮೆರಿಕದ ಏರನ್ ಬೆಕ್ ರೂಪಿಸಿದ ಚಿಕಿತ್ಸೆಯ ಮುಖ್ಯ ಕಲ್ಪನೆ. ಯೋಚನೆಯನ್ನು ಕಾಗದದ ಮೇಲೆ ಬರೆದು, ಅದಕ್ಕೆ ಪರವಾಗಿ ಏನಿದೆ, ವಿರುದ್ಧವಾಗಿ ಏನಿದೆ ಎಂದು ತೂಗುವುದು. ಮನಸ್ಸಿಲ್ಲದಿದ್ದರೂ ಒಂದು ಚಿಕ್ಕ ಕೆಲಸವನ್ನು ಗೊತ್ತಾದ ಹೊತ್ತಿಗೆ ಮಾಡುವುದು. ಇವನ್ನು ಪುಸ್ತಕದಲ್ಲಿ ಬರೆದು ಕಲಿಸಬಹುದು.

ಹಾಗೆ ಕಲಿಸಿ ನೋಡಿದ್ದೂ ಉಂಟು. ಡೇವಿಡ್ ಬರ್ನ್ಸ್ 1980ರಲ್ಲಿ ಬರೆದ ‘ಫೀಲಿಂಗ್ ಗುಡ್’ ಎಂಬ ಜನಪ್ರಿಯ ಗ್ರಂಥವನ್ನು ಫಾರೆಸ್ಟ್ ಸ್ಕೋಗಿನ್ ಮತ್ತು ಸಂಗಡಿಗರು ಸೌಮ್ಯ ಹಾಗೂ ಮಧ್ಯಮ ತೀವ್ರತೆಯ ಖಿನ್ನತೆಯಿದ್ದ ವೃದ್ಧರಿಗೆ ಕೊಟ್ಟು ಪರೀಕ್ಷಿಸಿ 1989ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನಾಲ್ಕು ವಾರಗಳ ತರುವಾಯ, ಪುಸ್ತಕವಿಲ್ಲದೆ ಸರದಿಗಾಗಿ ಕಾಯುತ್ತಿದ್ದ ಗುಂಪಿಗಿಂತ ಓದಿದವರು ಹೆಚ್ಚು ಚೇತರಿಸಿಕೊಂಡಿದ್ದರು. ಕಾಯುವ ಗುಂಪು ಏತಕ್ಕೆ ಎಂದು ವಿದ್ಯಾರ್ಥಿಗಳು ಕೇಳಬೇಕು. ಜ್ವರ ಏರಿದಾಗಲೇ ನಾವು ವೈದ್ಯರಲ್ಲಿಗೆ ಓಡುವಂತೆ, ಮನಸ್ಸು ತೀರ ಕುಗ್ಗಿದಾಗಲೇ ಇಂಥ ಪುಸ್ತಕವನ್ನು ಕೈಗೆತ್ತಿಕೊಳ್ಳುತ್ತೇವೆ. ಪರಮಾವಧಿ ತಲಪಿದ ಬೇನೆ ಅನೇಕ ವೇಳೆ ತಾನಾಗಿಯೇ ಒಂದಿಷ್ಟು ಇಳಿಯುತ್ತದೆ. ಕೀರ್ತಿ ಪುಸ್ತಕಕ್ಕೆ ಸಲ್ಲುತ್ತದೆ. ಆದ್ದರಿಂದ ‘ಈ ಪುಸ್ತಕ ನನ್ನನ್ನು ಉಳಿಸಿತು’ ಎಂಬ ಅಭಿಮಾನಿಯ ಮಾತನ್ನು ನಾವು ಗೌರವಿಸಬೇಕು. ಪ್ರಮಾಣವೆಂದು ಮಾತ್ರ ಎಣಿಸಬಾರದು. ‘ನನಗೇನೂ ಆಗಲಿಲ್ಲ’ ಎಂಬ ಮಾತಿಗೂ ಇದೇ ತೂಕ. ಒಂದು ಪುಸ್ತಕದೊಳಗಿನ ಉಪಾಯಗಳು ಪರೀಕ್ಷೆಗೆ ಒಳಪಟ್ಟಿರುವುದು ಬೇರೆ, ಆ ಪುಸ್ತಕವೇ ಪರೀಕ್ಷೆಗೆ ಒಳಪಟ್ಟಿರುವುದು ಬೇರೆ ಎಂಬುದನ್ನೂ ಮರೆಯಲಾಗದು.

ಇಂಗ್ಲೆಂಡಿನಲ್ಲಿ 2013ರಿಂದ ಸಾರ್ವಜನಿಕ ಗ್ರಂಥಾಲಯಗಳ ಮೂಲಕ, ತಜ್ಞರು ಆರಿಸಿದ ಇಂಥ ಪುಸ್ತಕಗಳನ್ನು ಔಷಧದ ಚೀಟಿಯಂತೆ ಸೂಚಿಸುವ ಒಂದು ಯೋಜನೆ ನಡೆದುಬಂದಿದೆ. ಅಲ್ಲಿಯ ಆರೋಗ್ಯ ಮಾರ್ಗದರ್ಶಿಯೂ 2022ರಲ್ಲಿ, ತೀವ್ರವಲ್ಲದ ಖಿನ್ನತೆಗೆ ಮಾರ್ಗದರ್ಶಕರ ನೆರವಿನೊಡನೆ ಮಾಡುವ ಸ್ವಯಂಸಹಾಯವನ್ನು ಸೂಚಿಸಿತು. ‘ನೆರವಿನೊಡನೆ’ ಎಂಬ ಮಾತನ್ನು ಅಡಿಗೆರೆ ಹಾಕಿ ಓದಬೇಕು.

ಉಸಿರಾಟದ ಅಭ್ಯಾಸವನ್ನು ಹಳಸಲೆಂದು ಮೂಗು ಮುರಿಯುವವರಿಗೂ ಒಂದು ಮಾತು. ಉಸಿರನ್ನು ಒಳಗೆಳೆದಾಗ ಹೃದಯದ ಬಡಿತ ತುಸು ವೇಗವಾಗುತ್ತದೆ, ಹೊರಬಿಟ್ಟಾಗ ನಿಧಾನವಾಗುತ್ತದೆ. ಮೆದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ಎಂಬ ನರದ ಹಿಡಿತ ನಿಶ್ವಾಸದಲ್ಲಿ ಬಿಗಿಯಾಗುವುದೇ ಇದರ ಕಾರಣ. ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ಯಾರು ಬೇಕಾದರೂ ಇದನ್ನು ಪರೀಕ್ಷಿಸಬಹುದು. ನಿಮಿಷಕ್ಕೆ ಸುಮಾರು ಆರರಂತೆ ನಿಧಾನವಾಗಿ ಉಸಿರಾಡಿದಾಗ ಈ ಏರಿಳಿತ ಎದ್ದು ಕಾಣುತ್ತದೆ. ವಿಷಯ ಹಳೆಯದು, ನಿಜ, ಹೃದಯವೂ ಹಳೆಯದೇ.

ಆದರೆ ಆತ್ಮಕಥೆಯನ್ನು ಬಯಸಿದ ಅಭಿಮಾನಿಗಳು ತಪ್ಪೆಂದು ನಾವು ಹೇಳಲಾರೆವು. ಅವರ ಪಕ್ಷಕ್ಕೂ ವಿಜ್ಞಾನದ ಬೆಂಬಲವುಂಟು. ವಿಯೆನ್ನಾದ ಥಾಮಸ್ ನೀಡರ್‌ಕ್ರೋಟೆಂಥಾಲರ್ ಮತ್ತು ಸಂಗಡಿಗರು ಆಸ್ಟ್ರಿಯಾದ ವೃತ್ತಪತ್ರಿಕೆಗಳನ್ನು ಶೋಧಿಸಿ 2010ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಬದುಕನ್ನೇ ಬಿಡುವ ಯೋಚನೆ ಬಂದರೂ ಅದನ್ನು ಮೀರಿ ಉಳಿದವರ ಕಥೆಗಳು ಅಚ್ಚಾದ ಮೇಲೆ ಆತ್ಮಹತ್ಯೆಗಳ ಪ್ರಮಾಣ ತಗ್ಗುವ ಒಲವು ಅವರಿಗೆ ಕಂಡಿತು. ಮೋಟ್ಸಾರ್ಟನ 1791ರ ಸಂಗೀತ ನಾಟಕದಲ್ಲಿ ಪಾಪಗೇನೊ ಎಂಬ ಹಕ್ಕಿ ಹಿಡಿಯುವವನು ಮೂವರು ಬಾಲಕರ ಬುದ್ಧಿವಾದದಿಂದ ಇಂಥ ಯೋಚನೆಯನ್ನು ಬಿಡುತ್ತಾನೆ. ಪರಿಣಾಮಕ್ಕೆ ಅವನ ಹೆಸರನ್ನೇ ಇಟ್ಟರು. ಸಂಬಂಧ ಕಂಡಿತೆಂದ ಮಾತ್ರಕ್ಕೆ ಕಾರಣ ಸಿದ್ಧವಾಗದು. ಆದರೂ ‘ನಾನು ಹೀಗೆ ಪಾರಾದೆ’ ಎಂಬ ಕಥೆಗೆ ಸಲಹೆಯ ಪಟ್ಟಿಗಿಲ್ಲದ ಕಸುವು ಇರಬಹುದೆಂದು ಊಹಿಸಲು ಇದು ಆಧಾರ. ಅತ್ತ, ತನ್ನ ಗಾಯವನ್ನು ಎಷ್ಟು ಬಿಚ್ಚಿ ತೋರಿಸಬೇಕೆಂಬುದು ಬರೆಯುವವನ ಹಕ್ಕು. ಹತ್ತಾರು ವರ್ಷ ನೋಡಿದೆವೆಂಬುದರಿಂದ ಆ ಹಕ್ಕು ನಮಗೆ ಬರುವುದಿಲ್ಲ. ಮಾರಾಟದ ಆಕ್ಷೇಪಣೆಯಂತೂ ನಮಗೆ ಹಗುರವಾಗಿ ತೋರುತ್ತದೆ: ವೈದ್ಯಗ್ರಂಥಗಳನ್ನೂ ಬೆಲೆ ಕೊಟ್ಟೇ ಕೊಳ್ಳುತ್ತೇವೆ.

ಪುಸ್ತಕಕ್ಕೆ ಆಗದ ಒಂದು ಕೆಲಸವಿದೆ. ಓದುವವನ ಮುಖ ಅದಕ್ಕೆ ಕಾಣದು. ಬೇನೆ ಸೌಮ್ಯವೋ ತೀವ್ರವೋ ಎಂದು ಅದು ಅಳೆಯಲಾರದು. ಅದಕ್ಕೆ ಎದುರು ಕುಳಿತು ಕೇಳುವ ವೈದ್ಯರು ಬೇಕು, ಇಲ್ಲವೆ ಆ ಕಡೆಯಿಂದ ಮರುನುಡಿಯುವ ಒಂದು ದನಿಯಾದರೂ ಬೇಕು. ನಮ್ಮ ದೇಶದಲ್ಲಿ ಇದಕ್ಕಾಗಿ 2022ರ ಅಕ್ಟೋಬರ್ 10ರಂದು ‘ಟೆಲಿ ಮಾನಸ್’ ಎಂಬ ಸರ್ಕಾರಿ ದೂರವಾಣಿ ಸೇವೆ ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅದರ ಮುಖ್ಯ ಕೇಂದ್ರ. 14416 ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು, ಅದಕ್ಕೆ ಶುಲ್ಕವಿಲ್ಲ.