ಗುಳಿಗೆಯ ಜೊತೆಗೆ ತಟ್ಟೆ

1985ರಲ್ಲಿ ಉಗಾಂಡದ ರಕಾಯಿ ಜಿಲ್ಲೆಯ ಒಂದು ಹೊಸ ಕಾಯಿಲೆಯ ಬಗ್ಗೆ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಬಂತು. ಗಟ್ಟಿಮುಟ್ಟಾಗಿದ್ದ ಹರೆಯದವರು ನಿಲ್ಲದ ಭೇದಿ, ಬಿಡದ ಜ್ವರದಿಂದ ಸೊರಗಿ ಕಡ್ಡಿಯಾಗುತ್ತಿದ್ದರು. ಊರವರು ಅದಕ್ಕೆ ‘ಸ್ಲಿಮ್’ ಎನ್ನುತ್ತಿದ್ದರು. ರಕ್ತ ಪರೀಕ್ಷಿಸಿದಾಗ ಸಿಕ್ಕ ನಂಟು ಏಡ್ಸ್ ವೈರಸ್ಸಿನದು.

ಎಚ್‌ಐವಿ ಹಾಗೆ ಮೈ ಕರಗಿಸುವುದು ಬಹುಮಟ್ಟಿಗೆ ಕರುಳಿನ ಮೂಲಕ. ಸೋಂಕು ತಗುಲಿದ ಮೊದಲ ಕೆಲವು ವಾರಗಳಲ್ಲೇ ಕರುಳಿನ ಗೋಡೆಯಲ್ಲಿರುವ ಸಿಡಿ4 ಎಂಬ ರೋಗನಿರೋಧಕ ಕೋಶಗಳನ್ನು ಅದು ಭಾರಿ ಪ್ರಮಾಣದಲ್ಲಿ ಕೊಲ್ಲುತ್ತದೆ. ಗೋಡೆ ಸೋರತೊಡಗಿ, ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ಇಳಿಯುತ್ತವೆ. ರೋಗನಿರೋಧಕ ವ್ಯವಸ್ಥೆ ಹಗಲಿರುಳೂ ಎಚ್ಚರವಾಗಿರಬೇಕಾಗುತ್ತದೆ, ಅದಕ್ಕೂ ಶಕ್ತಿ ಬೇಕು. ಇತ್ತ ತಿಂದದ್ದು ಸರಿಯಾಗಿ ಮೈಗೆ ಹತ್ತುವುದೂ ಇಲ್ಲ. ಲಕ್ಷಣಗಳಿಲ್ಲದ ವಯಸ್ಕ ಸೋಂಕಿತರಿಗೆ ಶೇ 10ರಷ್ಟು, ಕಾಯಿಲೆ ಬಿದ್ದವರಿಗೆ ಶೇ 20ರಿಂದ 30ರಷ್ಟು ಹೆಚ್ಚು ಕ್ಯಾಲೊರಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಅಂದಾಜಿಸಿತು. ತೂಕ ಇಳಿಯುತ್ತಿರುವ ಮಕ್ಕಳಿಗಾದರೆ ಶೇ 50ರಿಂದ 100ರಷ್ಟು. ವಯಸ್ಕರ ಆ ಶೇ 10 ಎಂದರೆ ಸುಮಾರು 200 ಕ್ಯಾಲೊರಿ, ಒಂದು ಹಿಡಿ ಶೇಂಗಾ ಮತ್ತು ಒಂದು ಬಾಳೆಹಣ್ಣಿನಲ್ಲಿ ಸಿಗುವಷ್ಟು. ಊಟದಲ್ಲಿ ಪ್ರೊಟೀನಿನ ಪಾಲು ಎಲ್ಲರಿಗಿಂತ ಹೆಚ್ಚಿರಬೇಕು ಎನ್ನಲು ಆಧಾರ ಕಾಣಲಿಲ್ಲವೆಂದೂ ಅದೇ ವರದಿ ಹೇಳಿತ್ತು. ಸಾಲ ಮಾಡಿ ಪ್ರೊಟೀನ್ ಪುಡಿಯ ಡಬ್ಬಿ ಕೊಳ್ಳುವವರಿಗೆ ಇದನ್ನು ಯಾರಾದರೂ ಹೇಳಬೇಕು.

ಹಾಗಾದರೆ ಪೋಷಕಾಂಶಗಳಿಂದಲೇ ವೈರಸ್ಸನ್ನು ತಡೆಯಬಹುದೇ? ತಾಂಜಾನಿಯಾದ ದಾರ್ ಎಸ್ ಸಲಾಮ್ ನಗರದಲ್ಲಿ 1,078 ಸೋಂಕಿತ ಗರ್ಭಿಣಿಯರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2004ರಲ್ಲಿ ಬಂದಾಗ ಆಸೆ ಚಿಗುರಿತ್ತು. ವೈರಸ್ ನಿರೋಧಕ ಔಷಧ (ಎಆರ್‌ಟಿ) ಸಿಗದಿದ್ದ ಆ ಮಹಿಳೆಯರಲ್ಲಿ ಬಿ, ಸಿ, ಇ ವಿಟಮಿನ್‌ಗಳು ರೋಗದ ವೇಗವನ್ನು ತಗ್ಗಿಸಿದ್ದವು. ವಿಟಮಿನ್ ಎ ಮಾತ್ರ ತಾಯಿಯಿಂದ ಮಗುವಿಗೆ ಸೋಂಕು ದಾಟುವುದನ್ನು ಹೆಚ್ಚಿಸಿತ್ತು. ಮುಂದೆ ಅದೇ ನಗರದಲ್ಲಿ, ಎಆರ್‌ಟಿ ಔಷಧ ಆರಂಭಿಸಿದ 3,418 ಜನರಲ್ಲಿ ಹೆಚ್ಚಿನ ಪ್ರಮಾಣದ ವಿಟಮಿನ್‌ಗಳನ್ನು ಸಾಮಾನ್ಯ ಪ್ರಮಾಣದವುಗಳೊಂದಿಗೆ ಹೋಲಿಸಿದರು. ಹೆಚ್ಚು ಕೊಟ್ಟದ್ದರಿಂದ ಲಾಭವೇನೂ ಆಗಲಿಲ್ಲ. ಯಕೃತ್ತಿಗೆ ತೊಂದರೆಯಾಗುತ್ತಿರುವ ಸೂಚನೆ ರಕ್ತದಲ್ಲಿ ಕಂಡದ್ದರಿಂದ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಪೋಷಕಾಂಶಕ್ಕೂ ಔಷಧಕ್ಕೂ ಇರುವ ವ್ಯತ್ಯಾಸವನ್ನು ಕಡೆಗಣಿಸಿದ್ದಕ್ಕೆ ದಕ್ಷಿಣ ಆಫ್ರಿಕಾ ತೆತ್ತ ಬೆಲೆ ದೊಡ್ಡದು. ಅಲ್ಲಿನ ಆಗಿನ ಆರೋಗ್ಯ ಸಚಿವೆ ಮಾಂಟೊ ಶಬಲಾಲಾ-ಮ್ಸಿಮಾಂಗ್ ಬೆಳ್ಳುಳ್ಳಿ, ನಿಂಬೆ, ಬೀಟ್‌ರೂಟ್‌ಗಳ ಗುಣಗಾನ ಮಾಡುತ್ತಿದ್ದರು. 2006ರ ಟೊರಾಂಟೊ ಏಡ್ಸ್ ಸಮ್ಮೇಳನದಲ್ಲಿ ಆ ದೇಶದ ಮಳಿಗೆಯಲ್ಲೂ ಅವನ್ನೇ ಜೋಡಿಸಿದ್ದರು. ಆ ಸರ್ಕಾರ ಔಷಧ ಹಂಚಲು ಮೀನಮೇಷ ಎಣಿಸಿದ್ದರಿಂದ 2000ದಿಂದ 2005ರ ನಡುವೆ 3,30,000ಕ್ಕೂ ಹೆಚ್ಚು ಜೀವ ಹೋದವೆಂದು ಹಾರ್ವರ್ಡ್ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅಂದಹಾಗೆ, ಬೆಳ್ಳುಳ್ಳಿಯ ಕ್ಯಾಪ್ಸೂಲುಗಳು ಸಕ್ವಿನಾವಿರ್ ಎಂಬ ಹಳೆಯ ಎಚ್‌ಐವಿ ಔಷಧದ ಮಟ್ಟವನ್ನು ರಕ್ತದಲ್ಲಿ ಅರ್ಧಕ್ಕೆ ಇಳಿಸಿದ್ದವು.

ಹೀಗೆಂದು ಅನ್ನವನ್ನು ಬದಿಗೆ ಸರಿಸುವಂತಿಲ್ಲ. ಎಚ್‌ಐವಿ ಸೋಂಕಿತರ ಅತಿ ದೊಡ್ಡ ಕೊಲೆಗಾರ ಕ್ಷಯ, ಮತ್ತು ಕ್ಷಯಕ್ಕೆ ಹಸಿದ ಮೈ ಬಲು ಇಷ್ಟ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡ್‌ನ ಕ್ಷಯರೋಗಿಗಳ ಮನೆಯವರಿಗೆ ತಿಂಗಳು ತಿಂಗಳೂ ಅಕ್ಕಿ, ಬೇಳೆ ಕೊಟ್ಟು ನೋಡಿತು. 2023ರಲ್ಲಿ ಪ್ರಕಟವಾದ ಆ ಫಲಿತಾಂಶದ ಪ್ರಕಾರ ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಿಂದ 48ರಷ್ಟು ಕಡಿಮೆಯಾಯಿತು. ಅದು ಎಚ್‌ಐವಿಗೆಂದೇ ಮಾಡಿದ ಅಧ್ಯಯನವಲ್ಲ. ಆದರೆ ಎರಡೂ ಕಾಯಿಲೆಗಳ ಹಿಂದಿರುವ ಬಡತನ ಒಂದೇ.

ಈಗ ಕಥೆ ಇನ್ನೊಂದು ತಿರುವಿನಲ್ಲಿದೆ. ಭಾರತದ ಎಆರ್‌ಟಿ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ ದಿನಕ್ಕೊಂದು ಗುಳಿಗೆಯಲ್ಲಿ ಡೊಲುಟೆಗ್ರಾವಿರ್ ಇದೆ. ವೈರಸ್ಸನ್ನು ಚೆನ್ನಾಗಿ ಹತ್ತಿಕ್ಕುವ ಈ ಔಷಧದಿಂದ ಕೆಲವರ, ಅದರಲ್ಲೂ ಹೆಂಗಸರ ತೂಕ ಏರುತ್ತದೆಂದು ದಕ್ಷಿಣ ಆಫ್ರಿಕಾದ ಅಧ್ಯಯನ 2019ರಲ್ಲಿ ತೋರಿಸಿತು. ತೆಳ್ಳಗಾದರೆ ಓಣಿಯವರಿಗೆ ಗುಟ್ಟು ಗೊತ್ತಾದೀತೆಂದು ವರ್ಷಗಟ್ಟಲೆ ಹೆದರಿದವರಿಗೆ ಮೈ ತುಂಬಿಕೊಂಡರೆ ಸಮಾಧಾನವೇ. ಅಂಥವರಿಗೆ ಆಪ್ತ ಸಮಾಲೋಚಕರು ಸಕ್ಕರೆ ಕಾಯಿಲೆ, ಹೃದ್ರೋಗದ ಮಾತು ತೆಗೆಯುವುದು ಸುಲಭವಲ್ಲ. ಬದುಕಿಗೆ ತೂಕವೊಂದೇ ಅಳತೆಯೂ ಅಲ್ಲ. ಸೋಂಕಿತರ ಬದುಕಿನ ಗುಣಮಟ್ಟ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿ, ಬೆಂಗಳೂರಿನಲ್ಲೂ ಪರೀಕ್ಷಿಸಿದ ಪ್ರಶ್ನಾವಳಿ ‘ಜನ ನಿಮ್ಮನ್ನು ಒಪ್ಪಿಕೊಂಡಿದ್ದಾರೆಯೇ, ನಾಳೆಯ ಭಯವಿದೆಯೇ’ ಎಂಬಂಥದ್ದನ್ನೂ ಕೇಳುತ್ತದೆ. ಒಟ್ಟಿಗೆ ಉಂಡರೆ ಎಚ್‌ಐವಿ ಹರಡುವುದಿಲ್ಲ. ಆದರೂ ತಟ್ಟೆ-ಲೋಟ ಬೇರೆ ಇಡುವ ಮನೆಯಲ್ಲಿ ಯಾವ ಪೌಷ್ಟಿಕ ಆಹಾರ ತಾನೇ ರುಚಿಸೀತು?

ಡೊಲುಟೆಗ್ರಾವಿರ್ ಬಗ್ಗೆ ಇನ್ನೊಂದು ಮಾತು. ಖಾಲಿ ಹೊಟ್ಟೆಯಲ್ಲಿ ಅದರೊಂದಿಗೆ ಕಬ್ಬಿಣ ಅಥವಾ ಕ್ಯಾಲ್ಸಿಯಂ ಗುಳಿಗೆ ನುಂಗಿದರೆ ಔಷಧ ರಕ್ತಕ್ಕೆ ಸರಿಯಾಗಿ ಸೇರದು. ಊಟದ ಜೊತೆ ಎರಡನ್ನೂ ತೆಗೆದುಕೊಳ್ಳಬಹುದು. ಎದೆಯುರಿಗೆ ಕುಡಿಯುವ ಆ್ಯಂಟಾಸಿಡ್ ಆದರೆ ಊಟದ ಜೊತೆಗೂ ಬೇಡ: ಆ್ಯಂಟಾಸಿಡ್‌ಗಿಂತ 2 ಗಂಟೆ ಮೊದಲೋ 6 ಗಂಟೆ ನಂತರವೋ ಡೊಲುಟೆಗ್ರಾವಿರ್ ನುಂಗಬೇಕು. ಗರ್ಭಿಣಿಯರಿಗೆ ಕಬ್ಬಿಣದ ಗುಳಿಗೆ ಕೊಡುವ ಆಶಾ ಕಾರ್ಯಕರ್ತೆಗೆ ಸೋಂಕಿನ ವಿಷಯ ತಿಳಿದಿರಲಿಕ್ಕಿಲ್ಲ, ಆದ್ದರಿಂದ ಎಆರ್‌ಟಿ ಕೇಂದ್ರದಲ್ಲೇ ಕೇಳಿಕೊಳ್ಳುವುದು ಒಳ್ಳೆಯದು.